ಶಿವದಾರ ಹಿಡಿದು ಮಲಗಿದ್ದ ಕೂಸು

ಮೊನ್ನೆ ಕೆ.ಬಿ. ಬಡಾವಣೆಯ ತಿರುವಿನಲ್ಲಿ ಆಟೋ ಕೆಟ್ಟು ನಿಂತಿತು. ಡ್ರೈವರ್ ಇಳಿದು ಅದಕ್ಕೆ ಎರಡು ಒದ್ದ, ಬೈದ, ಮತ್ತೆ ಒದ್ದ. ನಾನು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಕೂತಿದ್ದಾಗ ಎಲ್ಲಿಂದಲೋ ಒಂದು ವಾಸನೆ ಬಂತು. ಕಾದ ಮರಳಿನಲ್ಲಿ ಅಕ್ಕಿ ಅರಳುವ ವಾಸನೆ, ಜೊತೆಗೆ ಹೊಟ್ಟಿನ ಹೊಗೆ. ಮೂಗಿಗೆ ಹತ್ತಿದ್ದೇ ತಡ, ನನಗೆ ನೆನಪಾದದ್ದು ಮಂಡಕ್ಕಿಯಲ್ಲ, ನೇಪಾಳ. ಯಾರಿಗಾದರೂ ಹೇಳಿದರೆ ಮುದುಕಿಗೆ ಅರಳು ಮರಳು ಅಂದಾರು.

ದಾವಣಗೆರೆಯಲ್ಲಿ ನಮ್ಮ ಪಕ್ಕದ ಮನೆಯವರದು ಮಂಡಕ್ಕಿ ಭಟ್ಟಿ. ಗಂಡ ತೀರಿಕೊಂಡ ಮೇಲೂ ಭಟ್ಟಿ ಆರದಂತೆ ನಡೆಸಿದ ಆ ಗಟ್ಟಿಗಿತ್ತಿಯನ್ನು ಓಣಿಯೆಲ್ಲ ‘ಭಟ್ಟಿ ಅವ್ವ’ ಎನ್ನುತ್ತಿತ್ತು. ತವರು ಹರಿಹರ. ಮಕ್ಕಳಿರಲಿಲ್ಲ. ನಮ್ಮಲ್ಲಿ ಕೂಸು ಹುಟ್ಟಿದರೆ ಮಠದ ಅಯ್ಯನವರು ಬಂದು ಅದಕ್ಕೆ ಲಿಂಗ ಕಟ್ಟುತ್ತಾರೆ. ಆ ದಿನ ಓಣಿಯ ಹೆಂಗಸರನ್ನೆಲ್ಲ ಕರೆಯುವವರು ಅವ್ವನನ್ನು ಮಾತ್ರ ಬಿಡುತ್ತಿದ್ದರು. ಬಂಜೆಯ ಕಣ್ಣು ಬೀಳಬಾರದಂತೆ! ಅವ್ವ ಆ ಮನೆಗೂ ಒಂದು ಚೀಲ ಮಂಡಕ್ಕಿ ಕಳಿಸುತ್ತಿದ್ದರು. ಮಂಡಕ್ಕಿಗೆ ಯಾವ ದೋಷವೂ ಇರಲಿಲ್ಲ ನೋಡಿ, ಎಲ್ಲರೂ ಮುಕ್ಕುತ್ತಿದ್ದರು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅರವತ್ತರ ದಶಕದ ಮಾತು. ನಾನು ಮದುವೆಯಾಗಿ ಬಂದು ಇನ್ನೂ ಹೊಸತು. ನಾನು, ನಮ್ಮ ಯಜಮಾನರು ಕಾಶಿಗೆ ಹೊರಟಾಗ ಅವ್ವ, “ನನ್ನೂ ಕರ್ಕೊಂಡು ಹೋಗ್ರಿ. ಕಾಶಿ ನೋಡಿ ಹಂಗೇ ನೇಪಾಳದ ಪಶುಪತಿನಾಥನ್ನೂ ನೋಡಿ ಬರಾಣ” ಎಂದರು. ಅವರ ಗಂಡ ಇದ್ದ ಕಾಲಕ್ಕೆ ಹರಿಹರದ ಸೇತುವೆ ದಾಟಿದರೆ ಬೊಂಬಾಯಿ ಸೀಮೆ. ಆ ಮಹಾರಾಯ ಅದನ್ನೇ ಪರದೇಶ ಎಂದು ಹೆದರಿಸಿ ಹೆಂಡತಿಯನ್ನು ಹೊಳೆ ದಾಟಲು ಬಿಟ್ಟಿರಲಿಲ್ಲ. “ಈಗ ಖರೇ ಪರದೇಶನೇ ನೋಡ್ತೀನಿ” ಎಂದು ನಕ್ಕ ಅವ್ವ, ದಾರಿಗೆಂದು ಒಂದು ಮೂಟೆ ಮಂಡಕ್ಕಿ ಹೊರಿಸಿಕೊಂಡೇ ರೈಲು ಹತ್ತಿದರು.

ಕಾಶಿ ಮುಗಿಸಿ ಗಡಿಗೆ ಬಂದೆವು. ಅಲ್ಲಿಂದ ಕಠ್ಮಂಡುವಿಗೆ ಸಂಜೆ ಬಸ್ಸು, ಬೆಳಗಾಗುವಷ್ಟರಲ್ಲಿ ಮುಟ್ಟಿಸುತ್ತೇವೆ ಎಂದರು. ಮುಟ್ಟಿಸುತ್ತಾರಂತೆ! ಅದನ್ನು ಬಸ್ಸು ಎಂದವರ ಬಾಯಿಗೆ ಸಕ್ಕರೆ ಹಾಕಬೇಕು. ಕಿಟಕಿಗೆ ಗಾಜಿಲ್ಲ, ಸೀಟಿನಡಿ ಆಡಿನ ಮರಿ, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಬರೀ ಕತ್ತಲೆ. ನಮ್ಮ ಯಜಮಾನರು ಕಣ್ಣು ಮುಚ್ಚಿ ಶಿವಶಿವಾ ಎನ್ನುತ್ತಿದ್ದರು. ಊರಲ್ಲಿ ನಾನು ಹೇಳಿದರೂ ವಿಭೂತಿ ಹಚ್ಚದ ಮನುಷ್ಯ!

ಅವ್ವನ ಪಕ್ಕದಲ್ಲಿ ಎಳೆಗೂಸು ಕಟ್ಟಿಕೊಂಡ ಬೆಟ್ಟಸೀಮೆಯ ಹೆಂಗಸು. ಮೊದಲ ತಿರುವಿನಿಂದಲೇ ಅವಳಿಗೆ ವಾಂತಿ. ಅವ್ವ ಒಂದು ಮಾತೂ ಕೇಳದೆ ಕೂಸನ್ನು ಎತ್ತಿ ತಮ್ಮ ಮಡಿಲಿಗೆ ಹಾಕಿಕೊಂಡರು. ನಡುವೆ ಬಸ್ಸು ಕೆಟ್ಟು ನಿಂತಿತು. ಚಳಿಯಲ್ಲಿ ಎಲ್ಲರೂ ಗೊಣಗುತ್ತಿದ್ದರೆ ಅವ್ವ ಮೂಟೆ ಬಿಚ್ಚಿ ಕೈಗೆ ಸಿಕ್ಕವರಿಗೆಲ್ಲ ಮಂಡಕ್ಕಿ ಹಂಚಿದರು. ಕೂಸು ಮಾತ್ರ ಮಡಿಲು ಬಿಟ್ಟಿರಲಿಲ್ಲ. ಅವರ ಕೊರಳಿನ ಶಿವದಾರವನ್ನು, ಅಂದರೆ ಲಿಂಗವಿಡುವ ಬೆಳ್ಳಿ ಕರಡಿಗೆಯನ್ನು ಕಟ್ಟಿದ ದಾರವನ್ನು, ಮುಷ್ಟಿಯಲ್ಲಿ ಹಿಡಿದು ಚೀಪುತ್ತ ನಿದ್ದೆ ಹೋಗಿತ್ತು.

“ಬಿಡಿಸಿಕೊಳ್ಳಿ ಅವ್ವ, ದಾರ ಹರಿದೀತು” ಎಂದೆ.

“ಇರ್ಲಿ ಬಿಡು ತಂಗಿ. ನನ್ನ ಕೊಳ್ಳಾಗ ಯಾವ ಕೂಸು ಕೈ ಹಾಕೈತೆ?” ಎಂದರು.

ಬಸ್ಸು ರಿಪೇರಿಯಾಗಿ ಹೊರಟು, ಕತ್ತಲಿದ್ದಾಗಲೇ ಒಂದು ತಿರುವಿನಲ್ಲಿ ಆ ಹೆಂಗಸು ಇಳಿದಳು. ಅವ್ವ ಕೂಸನ್ನು ಶಾಲಿನಲ್ಲಿ ಸುತ್ತಿ ಕೊಟ್ಟು, ಅದರ ಚುಂಗಿಗೆ ಇನ್ನೆರಡು ಬೊಗಸೆ ಮಂಡಕ್ಕಿ ಸುರಿದರು. ದೀಪವಿಲ್ಲದ ಕಾಲುದಾರಿಯಲ್ಲಿ ಅವಳು ಇಳಿದು ಹೋದಳು...

ಬೆಳಗಾಯಿತು. ಚಹಾದಂಗಡಿಯ ಮುಂದೆ ಬಸ್ಸು ನಿಂತಿತು. ನನ್ನ ಕೊರಳಲ್ಲೂ ಲಿಂಗವಿತ್ತು, ಆದರೆ ನಾನು ಮೊದಲು ಚಹಾ ಕುಡಿದು ಆಮೇಲೆ ಪೂಜೆ ಮಾಡುವವಳು. ಅವ್ವ ಹಾಗಲ್ಲ. ಲಿಂಗಪೂಜೆಯಾಗದೆ ಗುಟುಕು ನೀರೂ ಇಲ್ಲ. ಮುಖ ತೊಳೆದು, ಕಲ್ಲಿನ ಮೇಲೆ ಕೂತು, ಕೊರಳಿಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ತುಂಡಾದ ದಾರವಿತ್ತು. ಕರಡಿಗೆ ಇರಲಿಲ್ಲ.

ಲಿಂಗ ಕಳೆದುಕೊಂಡವರು ಅದು ಸಿಗುವವರೆಗೆ ನೀರು ಮುಟ್ಟಬಾರದು, ಸಿಗದಿದ್ದರೆ ಹಾಗೇ ಪ್ರಾಣ ಬಿಡಬೇಕು. ಇದು ಹಳೆಯವರ ಮಾತು. ನಮ್ಮಂಥವರಿಗೆ ಅದು ಬರೀ ಮಾತು, ಅವ್ವನಿಗೆ ಅಲ್ಲ. ಹಿಂದಿ ಪರೀಕ್ಷೆ ಪಾಸಾದವಳು ನಾನೊಬ್ಬಳೇ. ಡ್ರೈವರನ ಹತ್ತಿರ ಓಡಿ ಬೆಳ್ಳಿ ಡಬ್ಬಿ ಕಳೆದಿದೆ ಎಂದೆ. ಅವನು ಬೀಡಿ ಸೇದುತ್ತ, ಬೆಳ್ಳಿಯಾದರೆ ಯಾರೋ ಎತ್ತಿರುತ್ತಾರೆ ಬಿಡಿ ಎಂದ. ಡಬ್ಬಿಯೊಳಗೆ ಶಿವನಿದ್ದಾನೆ, ಹುಟ್ಟಿದಾಗಿನಿಂದ ಆಕೆ ಅವನನ್ನು ಮೈಮೇಲಿಂದ ಇಳಿಸಿಲ್ಲ ಎಂದೆ. ಬೀಡಿ ಎಸೆದ. ಬಸ್ಸು ಹತ್ತುವ ಮುಂಚೆ ಬೂಟು ಬಿಚ್ಚಿದ. ಆ ದಪ್ಪ ಮನುಷ್ಯ ಬರಿಗಾಲಲ್ಲಿ ಒಂದೊಂದು ಸೀಟಿನಡಿಯೂ ಅಂಬೆಗಾಲಿಟ್ಟು ಹುಡುಕಿದ. ಹಿಂದೆಯೇ ಉಳಿದವರೂ ತಮ್ಮ ಗಂಟು ಬಿಚ್ಚಿ ರಸ್ತೆಯ ಮೇಲೆ ಕೊಡವಿದರು. ಮಂಡಕ್ಕಿ ಸಿಕ್ಕಿತು, ಲಿಂಗ ಸಿಗಲಿಲ್ಲ.

“ಕಠ್ಮಂಡಿನ ಹತ್ರ ಜಂಗಮರ ಮಠ ಐತಂತೆ, ಅಲ್ಲಿ ಬ್ಯಾರೆ ಲಿಂಗ ಕೊಡ್ತಾರೆ” ಎಂದರು ನಮ್ಮ ಯಜಮಾನರು.

“ಬ್ಯಾರೆ ತಗಣಾಕೆ ಅದೇನು ಬಳೆ ಏನ್ರಿ? ಹರಿಹರದಾಗ ನಮ್ಮ ಗುರು ಕಟ್ಟಿದ್ದು. ಅದನ್ನ ಬಿಟ್ಟು ನಾ ಹೆಂಗೆ ನೀರು ಕುಡೀಲಿ? ನೀವು ಹೋಗಿ ಬರ್ರಿ. ನಾ ಇಲ್ಲೇ ಕೂಡ್ತೀನಿ.”

ನಾನು ಅತ್ತೆ, ಬೈದೆ, ಕಾಲು ಹಿಡಿದೆ. ಬಿಸಿಲು ಏರುತ್ತಿತ್ತು. ಅವ್ವನ ತುಟಿ ಒಣಗಿ ಬಿಳಿಚಿತ್ತು. ಕಲ್ಲಿನಿಂದ ಅಲ್ಲಾಡಲಿಲ್ಲ. ಪರದೇಶದ ರಸ್ತೆಯ ಬದಿ ಈಕೆಯನ್ನು ಕಳೆದುಕೊಂಡು ಊರಿಗೆ ಯಾವ ಮುಖ ತೋರಿಸಲಿ?

ಆಗ ಡ್ರೈವರ್ ಬಂದು ಅವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತ. ತುಂಡು ದಾರವನ್ನು ನೋಡಿದ. ಕೂಸು ಚೀಪಿ ಚೀಪಿ ತುದಿ ಮೆತ್ತಗಾಗಿತ್ತು, ಅದನ್ನೂ ಹೇಳಿದೆ. ಮೆಲ್ಲಗೆ ಏನೋ ಹೇಳಿದ. ಅದನ್ನು ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

“ಅವ್ವಾ, ಅದು ಕಳೆದಿಲ್ಲವಂತೆ. ಶಿವ ಆ ಕೂಸಿನ ಕೈ ಹಿಡಿದು ಇಳಿದು ಹೋಗಿದ್ದಾನಂತೆ. ಹಿಮಾಲಯ ಅವನೂರೇ ಅಲ್ಲವಾ, ಊರು ಬಂತು, ಇಳಿದ ಅಂತಾನೆ.”

ಅವ್ವ ದಾರದ ತುದಿಯನ್ನು ಹೆಬ್ಬೆರಳಲ್ಲಿ ಸವರಿದರು. ಆಮೇಲೆ ಕೇಳಿದ್ದು ಒಂದೇ: “ಗಂಡೋ, ಹೆಣ್ಣೋ ತಂಗಿ ಆ ಕೂಸು? ಕತ್ತಲಾಗ ನಾ ನೋಡ್ಲೇ ಇಲ್ಲ ನೋಡು.”

ನನಗೂ ಗೊತ್ತಿರಲಿಲ್ಲ. ಡ್ರೈವರನಿಗೂ ಗೊತ್ತಿರಲಿಲ್ಲ. ಅವ್ವ ಅಳುತ್ತ ನಕ್ಕರು. “ಯಾವುದಾದ್ರೇನು, ನನ್ನ ಕೈಲೂ ಒಂದು ಕೂಸಿಗೆ ಲಿಂಗ ಕಟ್ಟಿಸಿದ ಶಿವ” ಎಂದು ಎದ್ದರು. ಆ ಸಂಜೆ ಮಠದಲ್ಲಿ ಕನ್ನಡ ಬಾರದ ಜಂಗಮರು ಹೊಸ ಲಿಂಗ ಕೊಟ್ಟರು. ಪೂಜೆ ಮಾಡಿ ಅವ್ವ ನೀರು ಕುಡಿದಾಗಲೇ ನನಗೆ ಹೋದ ಜೀವ ಬಂದದ್ದು.

ಮುಂದೆ ನನಗೆ ಮಗಳು ಹುಟ್ಟಿದಾಗ ಲಿಂಗ ಕಟ್ಟುವ ದಿನ ಮೊದಲು ಕರೆದದ್ದು ಅವ್ವನನ್ನು. ನಮ್ಮತ್ತೆ ಮುಖ ಗಂಟಿಕ್ಕಿದರು. ಗಂಟಿಕ್ಕಲಿ ಬಿಡಿ ಎಂದು ಮಗುವನ್ನು ಅವ್ವನ ಮಡಿಲಲ್ಲೇ ಹಾಕಿದೆ. ಅದರ ಮುಷ್ಟಿ ಬಿಡಿಸಿ ನೋಡುತ್ತ ಅವ್ವ, “ನಮ್ಮ ಕೂಸು ಈಗ ನಡೀತಿರ್ಬೇಕಲ್ಲ?” ಎಂದರು. ಯಾವ ಕೂಸು ಎಂದು ನಾನು ಕೇಳಲಿಲ್ಲ. ಆಮೇಲೆಲ್ಲ ಅದೇ ಮಾತು. ಭಟ್ಟಿಯ ಮುಂದೆ ಕೂತು, “ನಮ್ಮ ಕೂಸು ಸಾಲಿಗೆ ಹೋಗ್ತಿರ್ಬೇಕು,” “ಅದಕ್ಕೀಗ ಲಗ್ನದ ವಯಸ್ಸು.” ಅವ್ವ ಹೋದಾಗ ನಮ್ಮ ಪದ್ಧತಿಯಂತೆ ಅಂಗೈಯಲ್ಲಿ ಲಿಂಗವಿಟ್ಟೇ ಮಣ್ಣು ಮಾಡಿದರು. ಹೊಸ ಲಿಂಗ ಅವರ ಜೊತೆ ಹೋಯಿತು. ಹಳೆಯದು...

ಆಟೋ ಕೊನೆಗೂ ಗುರುಗುಟ್ಟಿತು. ವಾಸನೆ ಹಿಂದೆ ಉಳಿಯಿತು. ಈಗ ಆ ಕೂಸಿಗೂ ತಲೆ ನೆರೆತಿರಬೇಕು, ಮೊಮ್ಮಕ್ಕಳಿರಬೇಕು. “ನಮ್ಮ ಕೂಸು ಮುದಿಯಾಯ್ತು ಅವ್ವಾ” ಎಂದು ಹೇಳಬೇಕೆನಿಸಿತು. ಕೇಳುವವರು ಪಕ್ಕದ ಸೀಟಿನಲ್ಲಿ ಇರಲಿಲ್ಲ.