ಸಿಮ್ಮಿನ ಕಿಂಡಿ

ಸಂಡೂರಿನ ಗುಡ್ಡದ ಮೇಲೆ, ಅದಿರಿನ ಲಾರಿಗಳನ್ನು ತೂಗುವ ಕಾಟಾದ ಪಕ್ಕದ ತಗಡಿನ ಕೋಣೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ನೋಡಿಕೊಳ್ಳುವುದೆಂದರೆ ಮುಖ್ಯವಾಗಿ ಒರೆಸುವುದು. ಆ ಹಾಳು ಕೆಂಪು ಧೂಳು ಕೀಲಿಗಳ ಸಂದಿಗೆ, ಊಟದ ಡಬ್ಬಿಗೆ, ಎದೆಗೂಡಿಗೆ, ಎಲ್ಲಿಗೆಂದರಲ್ಲಿಗೆ ಇಳಿಯುತ್ತಿತ್ತು. ಹೆಂಡತಿ, ಮಗಳು ಹೊಸಪೇಟೆಯಲ್ಲಿದ್ದರು. ಶನಿವಾರ ವಾರದ ತೂಕದ ವಿವರವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಇಳಿದು, ಅಲ್ಲಿನ ಬ್ರೌಸಿಂಗ್ ಸೆಂಟರಿನಿಂದ ಮೇಲ್ ಮಾಡುತ್ತಿದ್ದೆ. ಆ ನೆಪದಲ್ಲಿ ಭಾನುವಾರವೊಂದು ಮನೆಯಲ್ಲಿ ಸಿಗುತ್ತಿತ್ತು. ಮಗಳು ಮಾತ್ರ ಪ್ರತಿಸಲವೂ ನನ್ನನ್ನು ನೋಡಿ ತಾಯಿಯ ಸೆರಗಿನ ಹಿಂದೆ ಅಡಗುತ್ತಿದ್ದಳು, ಮಧ್ಯಾಹ್ನದ ಹೊತ್ತಿಗೆ ಹತ್ತಿರ ಬರುತ್ತಿದ್ದಳು.

ಆ ಲ್ಯಾಪ್‌ಟಾಪು ಗಣಿ ಧಣಿಯ ಅಳಿಯ ವಿದೇಶದಿಂದ ತಂದು ಬೇಡವೆಂದು ಬಿಟ್ಟದ್ದು. ಲಾರಿ ಡ್ರೈವರುಗಳು ಹಾಡು ತುಂಬಿಸಿಕೊಳ್ಳಲು ಚುಚ್ಚುತ್ತಿದ್ದ ಪೆನ್‌ಡ್ರೈವುಗಳ ವೈರಸ್ಸಿಗೆ ಅದು ಮೇಲಿಂದ ಮೇಲೆ ಮಲಗುತ್ತಿತ್ತು. ಬೇಸತ್ತು, ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ವೈರಸ್ಸಿಗೆ ಜಗ್ಗದ ಲಿನಕ್ಸ್ ಹಾಕಿದ್ದೆ. ಒಂದು ದಿನ ಗುಡ್ಡಕ್ಕೆ ಬಂದ ಧಣಿಗೆ, ನಾನು ಧೂಳು ಒರೆಸಲು ಬ್ಯಾಟರಿ ತೆಗೆದ ಜಾಗದಲ್ಲಿ ಸಿಮ್ಮಿನ ಕಿಂಡಿ ಕಾಣಿಸಿತು.

"ಲೇ, ಇದಕ್ಕ ಸಿಮ್ ಹಾಕಿದ್ರ ಇಲ್ಲಿಂದನ ಮೇಲ್ ಹೋಗತೈತಿ ಅಂದಾನ ನಮ್ಮ ಅಳಿಯ. ಹೊರಗಿಂದ ಚುಚ್ಚೂ ನೆಟ್ಟಿನ ಡಾಂಗಲ್ ಗೀಂಗಲ್ ಬ್ಯಾಡ. ಇದನ್ನ ಓಡಸು. ಆಮ್ಯಾಲೆ ನೀ ಹೊಸಪೇಟಿ ಆಫೀಸಿಗೆ ಬಂದು ಕುಂದ್ರು."

ಅಷ್ಟು ಸಾಕಾಯಿತು ನನಗೆ. ಸಿಮ್ ಹಾಕಿ ಹುಚ್ಚನಂತೆ ಹಿಂದೆ ಬಿದ್ದೆ. ಒಳಗೆ ಮೋಡೆಮ್ ಇದೆಯೆಂದು ಲಿನಕ್ಸಿಗೆ ಗೊತ್ತಾಗುತ್ತಿತ್ತು, ಆದರೆ ಅದು ಡಯಲ್ ಮಾಡಲು ಒಪ್ಪುತ್ತಿರಲಿಲ್ಲ. ಶನಿವಾರ ಬ್ರೌಸಿಂಗ್ ಸೆಂಟರಿನಲ್ಲಿ ಪರದೇಶದವರ ಸಲಹೆಗಳನ್ನು ಓದಿ, ಮೋಡೆಮ್ ನಡೆಸುವ ಡ್ರೈವರ್ ತಂತ್ರಾಂಶ ಇಳಿಸಿಕೊಂಡು, ಸೋಮವಾರ ಗುಡ್ಡದಲ್ಲಿ ಹಾಕಿ ನೋಡುವುದು. ಕೈಕೊಟ್ಟರೆ ಮತ್ತೆ ಶನಿವಾರದವರೆಗೆ ಕಾಯುವುದು. ಹೆಂಡತಿ, "ಆ ಡಬ್ಬಿ ಜೋಡಿನ ಸಂಸಾರ ಮಾಡ್ರಿ" ಎಂದಳು. ಆಫೀಸಿನ ವಿಷಯ ಹೇಳಿದ ಮೇಲೆ ತಾನೇ ಪ್ರತಿ ವಾರ, "ಆತೇನ್ರಿ?" ಎಂದು ಕೇಳತೊಡಗಿದಳು.

ಕೊನೆಗೆ ಒಂದು ಆದೇಶ ಕೊಟ್ಟಾಗ ಯಂತ್ರ ನಿಜ ಬಾಯಿಬಿಟ್ಟಿತು: ಮೋಡೆಮಿನ ರೇಡಿಯೋವನ್ನು ಹೊರಗಿನ ಸ್ವಿಚ್ಚಿನಿಂದ ಬಂದ್ ಮಾಡಲಾಗಿದೆ. ಯಾವ ಸ್ವಿಚ್ಚು? ತಿರುವಿ ಹಾಕಿ ಹುಡುಕಿದೆ. ಮುಂದಿನ ಅಂಚಿನಲ್ಲಿ ವಿಭೂತಿ ಕುಂಕುಮ ಗಟ್ಟಿಯಾಗಿ ಕೂತಿತ್ತು. ಅಮಾವಾಸ್ಯೆಗೆ ಲೋಡರು, ಕಾಟಾ, ಲಾರಿಗಳಿಗೆಲ್ಲ ಪೂಜೆ ಮಾಡುವ ಕಾಟಾದ ಮೇಸ್ತ್ರಿ ಲ್ಯಾಪ್‌ಟಾಪಿಗೂ ಬಳಿದು ಕೈಮುಗಿಯುತ್ತಿದ್ದರು. ದಿನವಿಡೀ ಒರೆಸುವ ನಾನು ಅದೊಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಉಗುರಿನಿಂದ ಕೆರೆಯತೊಡಗಿದೆ.

"ಪೂಜಿ ಗುರುತ್ರಿ ಅದು, ಕೆರೀಬ್ಯಾಡ್ರಿ," ಎಂದರು ಮೇಸ್ತ್ರಿ.

"ನಿಮ್ಮ ಪೂಜಿ ಬಡದು ಬಾಯಿಗೆ ಹಾಕ್ಕೊಂಡೈತ್ರಿ ನನ್ನ ಜೀವಾನ!"

ಅದರಡಿ ಚಿಕ್ಕ ಸ್ವಿಚ್ಚು ಇತ್ತು. ಸರಿಸಿದೆ. ಮೋಡೆಮ್ ಎದ್ದಿತು, ಡಯಲ್ ಆಯಿತು, ಮೇಲ್ ಹೋಯಿತು. ಖುಷಿಗೆ ಮೇಸ್ತ್ರಿಯನ್ನೇ ತಬ್ಬಿಕೊಂಡೆ. ಪಾಪ, ಅವರೂ ನಕ್ಕರು.

ಧಣಿ ಬಂದು ನೋಡಿ, "ಭೇಷ್ ಮಗನ! ಮಸ್ತ್ ಆತು" ಎಂದ.

"ಹಂಗಾದ್ರ ಧಣಿ, ನಾ ಹೊಸಪೇಟಿಗೆ..."

"ಹೊಸಪೇಟಿಗೆ ಯಾಕಲೇ? ಎಲ್ಲಾ ಇಲ್ಲಿಂದನ ಹೋಗಾಕತ್ತೈತಿ. ಇನ್ನ ಶನಿವಾರನೂ ಇಳಿಯೂದು ಬ್ಯಾಡ. ದಿನಾ ಸಂಜಿಕ ಕಳಸು, ಭಾನುವಾರನೂ."

ನನ್ನ ಭಾನುವಾರವನ್ನು ನಾನೇ ಕೈಯಾರೆ ರಿಪೇರಿ ಮಾಡಿ ಅವನಿಗೆ ಒಪ್ಪಿಸಿದ್ದೆ. "ಆತ್ರಿ ಧಣಿ" ಎಂದೆ; ನನ್ನ ಜಾಗಕ್ಕೆ ಬರುವವರು ಬೇಕಾದಷ್ಟಿದ್ದರು.

ಮುಂದಿನ ಅಮಾವಾಸ್ಯೆಗೆ ಮೇಸ್ತ್ರಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತು, "ಇದಕ್ಕ ಬ್ಯಾಡೇನ್ರಿ?" ಎಂದು ಅಳುಕುತ್ತ ಕೇಳಿದರು. ನಾನು ಸ್ವಿಚ್ಚನ್ನು ಹಿಂದಕ್ಕೆ ತಳ್ಳಿ ಬಂದ್ ಮಾಡಿದೆ.

"ಹಚ್ಚರಿ. ದಪ್ಪಗೆ ಹಚ್ಚರಿ."

ಅವರು ನನ್ನ ಮುಖ ನೋಡಿದರು, ಸ್ವಿಚ್ಚು ಮುಚ್ಚುವಂತೆ ಮೆತ್ತಿದರು. ಮೇಲ್ ಹೋಗುತ್ತಿಲ್ಲವೆಂದು ಧಣಿಗೆ ಫೋನ್ ಮಾಡಿ, ಆ ಶನಿವಾರ ಪೆನ್‌ಡ್ರೈವ್ ಜೇಬಿಗಿಳಿಸಿ ಮನೆಗೆ ಹೋದೆ. ಮಗಳು ಅಡಗಿದಳು, ಮಧ್ಯಾಹ್ನ ಹತ್ತಿರ ಬಂದಳು.

ಸೋಮವಾರ ಗುಡ್ಡಕ್ಕೆ ಬಂದಾಗ ಧಣಿ ಕಳಿಸಿದ ಡಾಂಗಲ್ ಮೇಜಿನ ಮೇಲಿತ್ತು. ಲಿನಕ್ಸಿನಲ್ಲಿ ಇದು ನಡೆಯಲಿಕ್ಕಿಲ್ಲ ಎಂಬ ಆಸೆಯಿಂದ ಚುಚ್ಚಿದೆ. ಚುಚ್ಚಿದ ಕೂಡಲೇ ಓಡಿತು.