ಅರ್ಜಿದಾರರಿಗೆ ಬೇಕಾದ್ದೇನು?

ಇತ್ತೀಚೆಗೆ ನನ್ನ ಬರವಣಿಗೆಗೆ ಒಂದು ವಿಮರ್ಶೆ ಬಂತು. ಕೆಂಪು ಇಂಕಿನಲ್ಲಿ, ಎರಡೇ ಸಾಲು.

‘ಅರ್ಜಿದಾರರಿಗೆ ಏನು ಬೇಕು ಎಂಬುದು ಸ್ಪಷ್ಟವಿಲ್ಲ. ಫಲಕ ಬೇಕಿದ್ದಲ್ಲಿ ಸ್ಥಳೀಯ ಸಂಸ್ಥೆಯನ್ನು ಸಂಪರ್ಕಿಸುವುದು.’

ಇಷ್ಟು ವರ್ಷ ಅಂಕಣ ಬರೆದಿದ್ದೇನೆ. ಓದುಗರು ಹೊಗಳಿದ್ದಾರೆ, ಬೈದಿದ್ದಾರೆ. ಒಬ್ಬರಂತೂ ನನ್ನ ಫೋಟೊ ಇದ್ದ ಪುಟದಲ್ಲೇ ಮಿರ್ಚಿ ಕಟ್ಟಿಸಿಕೊಂಡು ಬಂದು ನನಗೇ ತಿನ್ನಿಸಿದ್ದಾರೆ. (ಮಿರ್ಚಿ ಚೆನ್ನಾಗಿತ್ತು.) ಆದರೆ ‘ನಿನಗೆ ಏನು ಬೇಕೋ ಅದೇ ತಿಳಿಯುತ್ತಿಲ್ಲ’ ಎಂದು ಬರೆದು, ಸಹಿ ಹಾಕಿ, ಸೀಲು ಒತ್ತಿ ಯಾರೂ ಕಳಿಸಿರಲಿಲ್ಲ.

ವಾಪಸ್ಸು ಬಂದ ಆ ನಾಲ್ಕು ಪುಟದ ಅರ್ಜಿ ಬರೆದವನು ನಾನೇ. ಕೇಳಿದ್ದು ಮಾತ್ರ ನನಗಾಗಿ ಅಲ್ಲ, ಕುರುಗೋಡಿನ ಹನ್ನೆರಡು ಮಂದಿ ಹೆಂಗಸರಿಗಾಗಿ. ಕೇಳಿದ್ದು ಸೋಲಾರ್. ಹಾಗೆಂದು ನಾನು ತಿಳಿದುಕೊಂಡಿದ್ದೆ.

ಶುರುವಾಗಿದ್ದು ಸಿರುಗುಪ್ಪದಲ್ಲಿ. ರಾಜ್ಯಮಟ್ಟದ ಇಂಧನ ಶಿಕ್ಷಣ ಕಾರ್ಯಕ್ರಮವೊಂದರ ತಾಲೂಕು ಶಿಬಿರ ಅಲ್ಲಿ ನಡೆದಿತ್ತು. ಸೋಲಾರ್ ಹೇಗೆ ಕೆಲಸ ಮಾಡುತ್ತದೆ, ಯಾವ ಯೋಜನೆಯಲ್ಲಿ ಯಾರಿಗೆ ನೆರವು ಸಿಗುತ್ತದೆ, ಅರ್ಜಿ ಎಲ್ಲಿ ಕೊಡಬೇಕು, ಇದನ್ನೆಲ್ಲ ಹೇಳಲು ಬಲ್ಲವರು ಬಂದಿದ್ದರು. ನನ್ನನ್ನೂ ಕರೆದಿದ್ದರು. ಯಾಕೆ ಅಂತೀರಾ? ಹಿಂದೊಮ್ಮೆ ಇದೇ ಅಂಕಣದಲ್ಲಿ ಬಳ್ಳಾರಿ ಬಿಸಿಲಿನ ಬಗ್ಗೆ ಗೊಣಗಿದ್ದೆ. ಅದನ್ನು ಓದಿದ ಸಂಘಟಕರು ನಾನು ಸೂರ್ಯನನ್ನು ಬಲ್ಲವನೆಂದು ತಿಳಿದರು. (ಬಿಸಿಲಿಗೆ ಬೈದವರೆಲ್ಲ ತಜ್ಞರಾದರೆ ಬಳ್ಳಾರಿಯಲ್ಲಿ ಕೇಳುವವರು ಯಾರು ಉಳಿದಾರು?)

ಆರಂಭಕ್ಕೆ ನಾಲ್ಕು ಮಾತಾಡಿ ಎಂದಿದ್ದರು. ನಾಲ್ಕು ಮಾತು ಒಂದು ಗಂಟೆಯಾಯಿತು. ನಡುವೆ ಕರೆಂಟು ಹೋಗಿ ಮೈಕು ನಿಂತಿತು. ನಾನು ನಿಲ್ಲಲಿಲ್ಲ. ಫ್ಯಾನೂ ನಿಂತಿದ್ದರಿಂದ ಹಿಂದಿನ ಸಾಲಿನವರಿಗೆ ಎಚ್ಚರವಾಯಿತು. ನನ್ನ ಮಾತಿನ ಪ್ರಭಾವವೆಂದು ತಿಳಿದು ಇನ್ನಷ್ಟು ಮುಂದುವರಿಸಿದೆ.

ನನ್ನ ನಂತರ ಮಾತಾಡಬೇಕಿದ್ದ ಇಂಜಿನಿಯರಿಗೆ ಉಳಿದದ್ದು ಹತ್ತು ನಿಮಿಷ. ಸಣ್ಣ ಉದ್ಯೋಗ ನಡೆಸುವ ಮಹಿಳಾ ಸಂಘಗಳಿಗೆ ಸೋಲಾರ್ ಹಾಕಿಸಿಕೊಳ್ಳಲು ನೆರವಿದೆ, ಅರ್ಜಿಯ ಕೊನೆಯ ದಿನ ಹತ್ತಿರ ಬಂದಿದೆ ಎಂಬ, ಅಲ್ಲಿದ್ದವರಿಗೆ ನಿಜವಾಗಿ ಬೇಕಿದ್ದ ಮಾತು ಆ ಹತ್ತು ನಿಮಿಷದಲ್ಲೇ ಬಂದು ಹೋಯಿತು.

ಊಟದ ಹೊತ್ತಿಗೆ ಒಬ್ಬ ಹೆಂಗಸು ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬಂದರು. ಹೆಸರು ಹೊನ್ನೂರಮ್ಮ. ಕುರುಗೋಡಿನಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಸಂಘವೊಂದರ ಮುಂದಾಳು.

“ಸಾರ್, ನೀವು ಮಾತಾಡಿದ್ದು ಭಾಳ ಚಂದ ಇತ್ರಿ.”

“ಹೌದೇನ್ರಿ?”

“ಹೂಂರಿ. ಏನೂ ತಿಳೀಲಿಲ್ಲ, ಆದ್ರ ಭಾಳ ಚಂದ ಇತ್ತು. ಸರ್ಕಾರಕ್ಕ ಅರ್ಜಿ ಅಂದ್ರ ಹಿಂಗ ಬರೀಬೇಕಲ್ರಿ? ನಮ್ಮ ಸಂಘದ್ದು ನೀವ ಬರಕೊಡ್ರಿ.”

‘ಏನೂ ತಿಳೀಲಿಲ್ಲ’ ಎಂಬುದು ಕಿವಿಗೆ ಬಿದ್ದಿತ್ತು. ಒಳಗೆ ಇಳಿದದ್ದು ‘ಭಾಳ ಚಂದ’ ಮಾತ್ರ. ಒಪ್ಪಿಕೊಂಡೆ.

ಎರಡು ದಿನ ಬಿಟ್ಟು ಕುರುಗೋಡಿಗೆ ಹೋದೆ. ಉದ್ದನೆಯ ಒಂದು ಕೋಣೆ. ನಡುವೆ ಹಿಟ್ಟಿನ ಉಂಡೆಯನ್ನು ಒತ್ತಿ ರೊಟ್ಟಿಯಾಗಿಸುವ ಮಷಿನ್. ಗೋಡೆಯುದ್ದಕ್ಕೂ ಒಲೆಗಳು, ಹಂಚುಗಳು. ಹೊನ್ನೂರಮ್ಮ ಶುರು ಮಾಡಿದರು. “ಸಾರ್, ಈ ಮಷಿನ್ ಹೆಂಗಂದ್ರ, ನಡುವ ಕರೆಂಟು ಹೋತಂದ್ರ...”

“ಅದೆಲ್ಲ ನನಗ ಬಿಡ್ರಿ ಅಕ್ಕಾರ. ಬರವಣಿಗಿಯಾಗ ಭಾವ ಮುಖ್ಯ,” ಎಂದೆ. ಅಷ್ಟರಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಂತು. ಮಷಿನ್ ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂದು ನಾನು ಕೇಳಲಿಲ್ಲ. ಇನ್ನೊಂದು ರೊಟ್ಟಿ ಇದೆಯಾ ಎಂದು ಮಾತ್ರ ಕೇಳಿದೆ. ಎರಡು ಸಲ.

ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯಲ್ಲಿ ಕೂತು ಬರೆದೆ. ಇಲ್ಲೊಂದು ಮಾತು ಹೇಳಬೇಕು. ನಾನು ಭಾಷೆ ಕಲಿತದ್ದು ಶಾಲೆಗಿಂತ ಹೆಚ್ಚಾಗಿ ಮೋಕದಲ್ಲಿದ್ದ ನಮ್ಮಜ್ಜನಿಂದ. ಊರವರ ಕಾಗದಗಳನ್ನೆಲ್ಲ ಬರೆದುಕೊಡುತ್ತಿದ್ದವನು ಅವನೇ. ಬಾಯಿ ಬಿಟ್ಟು ನೇರವಾಗಿ ಕೇಳುವುದು ಅವನ ಪ್ರಕಾರ ಮರ್ಯಾದಸ್ಥರ ಲಕ್ಷಣವಲ್ಲ. ಮೊದಲು ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ, ಆಮೇಲೆ ಮಳೆ, ಬೆಳೆ, ಎಮ್ಮೆಯ ಯೋಗಕ್ಷೇಮ. ವಿಷಯಕ್ಕೆ ಬರುವಷ್ಟರಲ್ಲಿ ಇನ್‌ಲ್ಯಾಂಡ್ ಲೆಟರು ತುಂಬಿರುತ್ತಿತ್ತು. ಆಗ ಕಾಗದ ಅಡ್ಡ ತಿರುಗಿಸಿ ಅಂಚಿನಲ್ಲಿ ಸಣ್ಣಗೆ ಬರೆಯುತ್ತಿದ್ದ: ‘ಹೆಣ್ಣಿನ ಕಡೆಯವರು ನಾಡಿದ್ದು ಬರುತ್ತಾರೆ, ತಕ್ಷಣ ಹೊರಡುವುದು.’ ಅಜ್ಜನ ಕಾಗದ ಬಂದರೆ ಮೊದಲು ಅಂಚು ಓದಬೇಕೆಂದು ನೆಂಟರಿಗೆಲ್ಲ ಗೊತ್ತಿತ್ತು.

ಸೋಲಾರ್ ಕಚೇರಿಯವರಿಗೆ ಗೊತ್ತಿರಲಿಲ್ಲ.

ಮೊದಲ ಪುಟದಲ್ಲಿ ಸೂರ್ಯೋದಯ ಮಾಡಿಸಿದೆ. ಎರಡನೆಯ ಪುಟದಲ್ಲಿ ಬಳ್ಳಾರಿ ಸೀಮೆಯ ಬಂಡೆಗಲ್ಲು, ಹೆಣ್ಣಿನ ತಾಳ್ಮೆ. ಮೂರನೆಯದರಲ್ಲಿ ಅನ್ನದ ಮಹಿಮೆ. ನಾಲ್ಕನೆಯದರಲ್ಲಿ ವಿಷಯಕ್ಕೆ ಬಂದೆ. ಆದರೆ ‘ಪ್ಯಾನೆಲ್’ ಎಂದು ಬರೆಯಲು ಕೈ ಒಪ್ಪಲಿಲ್ಲ. ಕನ್ನಡದ ಅಂಕಣಕಾರ ನಾನು! ‘ಸಂಘದ ಮಾಳಿಗೆಯ ಮೇಲೆ ದಿನಕರನ ಹೆಸರಿನ ಫಲಕವೊಂದು ರಾರಾಜಿಸಲಿ ಎಂಬುದೇ ನಮ್ಮ ಹೆಬ್ಬಯಕೆ’ ಎಂದು ಬರೆದು ಸಂತೋಷದಿಂದ ಪೆನ್ನು ಮುಚ್ಚಿದೆ.

ಮನೆಯಾಕೆ ನಾಲ್ಕೂ ಪುಟ ಓದಿದಳು.

“ಇದರಾಗ ರೊಟ್ಟಿ ಎಲ್ಲೈತ್ರಿ?”

“ಮೂರನೇ ಪುಟದಾಗ ‘ಅನ್ನಬ್ರಹ್ಮ’ ಅಂತ ಐತಲ್ಲ.”

“ಅನ್ನ ಬ್ಯಾರೆ, ರೊಟ್ಟಿ ಬ್ಯಾರೆ. ಹೋಗ್ಲಿ, ಮಷಿನ್?”

“‘ಯಂತ್ರನಾಗರಿಕತೆ’ ಅಂತ ಒಂದು ಪ್ಯಾರಾನೇ ಐತಿ ನೋಡು.”

ಅವಳು ಪುಟಗಳನ್ನು ಟೇಬಲ್ಲಿನ ಮೇಲಿಟ್ಟು ಒಳಗೆ ಹೋದಳು. ಸಾಹಿತ್ಯ ಎಲ್ಲರಿಗೂ ದಕ್ಕುವುದಿಲ್ಲ ಎಂದುಕೊಂಡೆ.

ಕೆಂಪು ಇಂಕಿನ ವಿಮರ್ಶೆ ನನ್ನ ವಿಳಾಸಕ್ಕೇ ಬಂತು. ಕೆಳಗಿನ ಎರಡು ಸಾಲಷ್ಟೇ ಅಲ್ಲ, ಒಳಗೂ ಒಂದು ಗುರುತಿತ್ತು. ‘ದಿನಕರ’ ಎಂಬುದರ ಕೆಳಗೆ ಗೆರೆ ಎಳೆದು ಕೇಳಿದ್ದರು: ‘ಇವರು ಯಾರು?’

ಕೊನೆಯ ದಿನಕ್ಕೆ ಮೂರು ದಿನ ಉಳಿದಿತ್ತು. ಅಂಚೆಯಲ್ಲಿ ಕಳೆದುಹೋಯಿತು ಎಂದು ಹೇಳಿಬಿಡಲೇ? ಸುಳ್ಳು ಹೇಳುವುದಿಲ್ಲ, ಆ ಯೋಚನೆ ಬಂದಿತ್ತು. ಮನೆಯಾಕೆ ಮುಖ ನೋಡಿಯೇ ತಿಳಿದುಕೊಂಡಳು. “ಬಸ್ ಹತ್ರಿ,” ಎಂದಳು.

ಕುರುಗೋಡಿನ ಕೋಣೆಯಲ್ಲಿ ಮಷಿನ್ ಓಡುತ್ತಿತ್ತು. ನಿಂತುಕೊಂಡೇ ಕಚೇರಿಯ ಷರಾ ಓದಿದೆ. ಒಲೆಯ ಮುಂದಿದ್ದ ಎರ್ರೆಮ್ಮ ಎಂಬಾಕೆಗೆ ನಗು ತಡೆಯಲಾಗಲಿಲ್ಲ.

“ದಿನಕರ ಅಂದ್ರ ಯಾರ್ರಿ ಸಾರ್? ನಿಮ್ಮ ಬೀಗರೇನು?”

“ಸೂರ್ಯ ಅಂತ ಅರ್ಥರಿ.”

“ಹಂಗಾದ್ರ ಸೂರ್ಯ ಅಂತ ಬರೀಬೇಕಿಲ್ಲೋ? ಅವ್ರು ಪಾಪ ಯಾರೋ ದೊಡ್ಡ ಮನಷ್ಯಾನ ಬೋರ್ಡು ಕೇಳ್ತಾರಂತ ತಿಳಕೊಂಡಾರ!”

ಕೋಣೆಯೆಲ್ಲ ನಕ್ಕಿತು. ಹೊನ್ನೂರಮ್ಮ ನಗಲಿಲ್ಲ.

“ನಗಬ್ಯಾಡ್ರೇ,” ಎಂದರು. ನಂತರ ನನ್ನ ಕಡೆ ತಿರುಗಿದರು. “ಸಾರ್, ಬಳ್ಳಾರಿಯಾಗ ಬಟ್ಟಿ ಹೊಲಿಯೋ ಯೂನಿಟ್ಟಿನ ಕ್ಯಾಂಟೀನಿಗೆ ದಿನಾ ನಮ್ಮ ರೊಟ್ಟಿ ಹೋಗತಾವು. ಕರೆಂಟಿನ ಸಲುವಾಗಿ ಈ ತಿಂಗಳ ಎರಡು ಸಲ ಲೇಟ್ ಆತು. ಇನ್ನೊಂದು ಸಲ ಆದ್ರ ಬ್ಯಾರೆ ಕಡಿ ತರಸ್ತೀನಿ ಅಂದಾನ ಆ ಮ್ಯಾನೇಜರು. ಆ ಆರ್ಡರು ಹೋದ್ರ ನಮ್ಮ ಹನ್ನೆರಡು ಮಂದಿಯಾಗ ಎಂಟು ಮಂದಿಗೆ ಇಲ್ಲಿ ಕೆಲಸ ಇರಂಗಿಲ್ಲ. ಅವತ್ತು ನಿಮಗ ಇದನ್ನ ಹೇಳಾಕ ಬಂದಿದ್ದೆ.”

ಹೌದು. ಅವತ್ತು ನಾನು ಭಾವ ಮುಖ್ಯ ಎಂದಿದ್ದೆ.

ಅಷ್ಟರಲ್ಲೇ ಕರೆಂಟು ಹೋಯಿತು. ಮಷಿನ್ ಒಂದು ಉಸಿರು ಬಿಟ್ಟು ಸುಮ್ಮನಾಯಿತು. ನಮ್ಮ ಮನೆಯಲ್ಲಿ ಕರೆಂಟು ಹೋದರೆ ಎಲ್ಲರೂ ತಲೆ ಎತ್ತಿ ಫ್ಯಾನು ನೋಡುತ್ತೇವೆ. ಅಲ್ಲಿ ಹನ್ನೆರಡೂ ಮಂದಿ ಬಗ್ಗಿ ನೋಡಿದ್ದು ಹಿಟ್ಟಿನ ಬುಟ್ಟಿಯನ್ನು.

“ಕುದಿಯೋ ನೀರು ಹಾಕಿ ನಾದಿದ ಜೋಳದ ಹಿಟ್ಟು ಕಾಯಂಗಿಲ್ರಿ,” ಎಂದರು ಹೊನ್ನೂರಮ್ಮ, ಸೆರಗು ಸಿಕ್ಕಿಸುತ್ತ. “ಆರಿತಂದ್ರ ಬಿರಕು ಬಿಡತೈತಿ. ಏಳ್ರೇ, ಬಡೀರಿ.”

ಮರುಗಳಿಗೆಯಲ್ಲಿ ಎಲ್ಲರೂ ನೆಲಕ್ಕೆ ಕೂತು ಕೈಯಿಂದ ರೊಟ್ಟಿ ಬಡಿಯತೊಡಗಿದರು. ಟಪ ಟಪ ಟಪ. ಮಷಿನ್ನಿನ ಕೆಲಸ ಇಪ್ಪತ್ತನಾಲ್ಕು ಕೈಗೆ ಬಂತು. ನಾನು ಗೋಡೆಗೆ ಅಂಟಿಕೊಂಡು ನಿಂತೆ.

“ಸುಮ್ನೆ ಯಾಕ ನಿಂತ್ರಿ ಸಾರ್? ಬರಕೊಳ್ರಿ.”

“ಏನು?”

“ಅರ್ಜಿ.”

ಹಿಟ್ಟಿನ ಚೀಲದ ಮೇಲೆ ಕೂತು ಪೆನ್ನು ತೆಗೆದೆ. ಅವರು ಬಡಿಯುತ್ತಲೇ ಹೇಳಿದರು.

“ನಾವು ಹನ್ನೆರಡು ಮಂದಿ ಹೆಂಗಸರು ರೊಟ್ಟಿ ಮಾಡಿ ಮಾರ್ತೀವಿ. ಬರದ್ರಿ?”

“ಬರದೆ.”

“ಓದ್ರಿ.”

“ನಾವು ಹನ್ನೆರಡು ಮಂದಿ ಶ್ರಮಜೀವಿ ಹೆಂಗಸರು...”

“ನಡುವ ಅದೇನದು?”

“ಶ್ರಮಜೀವಿ.”

“ನಾ ಅಂದಿದ್ನೇನು?”

“ಇಲ್ಲ.”

“ತೆಗೀರಿ.”

ತೆಗೆದೆ. (ನನ್ನ ಒಂದು ವಿಶೇಷಣಕ್ಕೂ ಸಂಪಾದಕರು ಈವರೆಗೆ ಇಷ್ಟು ಸಲೀಸಾಗಿ ಕೈ ಹಾಕಿರಲಿಲ್ಲ. ಅವರು ಇದನ್ನು ಓದಿ ಪಾಠ ಕಲಿಯದಿರಲಿ.)

“ಮಷಿನ್ ಮುಂಜಾನಿ ಎಂಟರಿಂದ ಮಧ್ಯಾಹ್ನ ಎರಡರ ತನಕ ಓಡತೈತಿ. ನಡುವ ಕರೆಂಟು ಹೋದ್ರ ನಾದಿದ ಹಿಟ್ಟು ಕೆಡತೈತಿ, ಆರ್ಡರು ತಪ್ಪತೈತಿ. ನಾವು ದುಡಿಯೋದು ಬಿಸಿಲೊತ್ತು. ಸೋಲಾರ್ ದುಡಿಯೋದೂ ಬಿಸಿಲೊತ್ತು. ಮಾಳಿಗಿ ಖಾಲಿ ಐತಿ, ಅದರ ಮ್ಯಾಲೆ ಯಾವ ನೆರಳೂ ಬೀಳಂಗಿಲ್ಲ. ಮಷಿನ್ನಿಗೆ ಸೋಲಾರ್ ಹಾಕಿಸಿಕೊಡ್ರಿ.”

“ಮುಂದ?”

“ಮುಂದೇನು? ಮುಗೀತು.”

“ಅಲ್ಲಕ್ಕಾರ, ಕೊನೀಗೆ ‘ತಮ್ಮ ಕೃಪಾದೃಷ್ಟಿ’ ಅಂತ ಒಂದು ಮಾತು...”

“ಸಾರ್, ಆ ಕಡೀ ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಾಕತ್ತೈತಿ. ತಿರುವಿ ಹಾಕ್ರಿ.”

ನನ್ನ ಸಲಹೆಗೆ ಸಿಕ್ಕ ಉತ್ತರ ಅದು. ತಿರುವಿ ಹಾಕಿದೆ. ಬೆರಳು ಸುಟ್ಟುಕೊಂಡೆ. ಯಾರೂ ನೋಡಲಿಲ್ಲ, ನೋಡಲು ಪುರುಸೊತ್ತಿರಲಿಲ್ಲ. ಬಳ್ಳಾರಿಗೆ ಹೋಗುವ ಆಟೊ ಬಂದು ಹಾರ್ನ್ ಹೊಡೆಯುವಾಗ ಕೊನೆಯ ಬುಟ್ಟಿ ತುಂಬಿತ್ತು. ಆವತ್ತಿಗೆ ಆರ್ಡರು ಉಳಿಯಿತು. ಎರ್ರೆಮ್ಮನ ಅಂಗೈ ಕೆಂಪಗಾಗಿತ್ತು. “ದಿನಾ ಹಿಂಗ ಬಡಿಯಾಕ ನಮ್ಮ ರಟ್ಟಿ ಏನು ಕಬ್ಬಿಣದ್ದೇನ್ರಿ?” ಎಂದಳು. ಈ ಸಲ ಯಾರೂ ನಗಲಿಲ್ಲ.

ಮರುದಿನ ಹೊನ್ನೂರಮ್ಮ ಬಳ್ಳಾರಿಗೆ ಬಂದರು. ಇಬ್ಬರೂ ಕಚೇರಿಗೆ ಹೋದೆವು. ಅಲ್ಲಿದ್ದ ಇಂಜಿನಿಯರ್ ಹೆಣ್ಣುಮಗಳು ಅರ್ಜಿಯನ್ನು ಅರ್ಧ ನಿಮಿಷದಲ್ಲಿ ಓದಿದಳು. (ಮುಗಿಯುವಷ್ಟೇ ಇತ್ತಲ್ಲ.) ‘ನಾವು ದುಡಿಯುವುದು ಬಿಸಿಲಿನ ಹೊತ್ತು’ ಎಂಬ ಸಾಲಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದಳು.

“ಮೋಟರ್ ಎಷ್ಟು...”

“ಒಂದು ಎಚ್‌ಪಿ ರೀ ಮೇಡಂ. ಮಷಿನ್ ಬಿಲ್ಲಿನ ಜೆರಾಕ್ಸ್ ಹಿಂದ ಹಚ್ಚೀನಿ.”

“ಭಾಳ ಚಲೋ ಬರದೀರಿ. ಹಿಂಗ ಬರದ್ರ ನಮಗೂ ಕೆಲಸ ಹಗುರ. ಯಾರು ಬರದಿದ್ದು?”

ನನ್ನ ಬಾಯಿ ತಾನಾಗಿ ತೆರೆಯಿತು. ಅಭ್ಯಾಸ. ಹೊನ್ನೂರಮ್ಮ ನನ್ನನ್ನೊಮ್ಮೆ ನೋಡಿ, ದೊಡ್ಡ ಮನಸ್ಸು ಮಾಡಿದರು.

“ಸಾರ್ ಬರದಾರ್ರಿ. ಅವರ ಅಕ್ಷರ ದುಂಡಗ ಅದಾವು.”

ಹಳ್ಳಿ ಜನಕ್ಕೆ ಜಾಗೃತಿ ಇಲ್ಲ, ಯೋಜನೆಗಳಿದ್ದರೂ ಬಳಸಿಕೊಳ್ಳುವುದಿಲ್ಲ ಎಂದು ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ! ನಾನೂ ವೇದಿಕೆ ಹತ್ತಿ ಹೇಳಿದವನೇ. ಹೊನ್ನೂರಮ್ಮನವರಿಗೆ ತಮಗೆ ಏನು ಬೇಕು, ಯಾವ ಹೊತ್ತಿಗೆ ಬೇಕು, ಯಾಕೆ ಬೇಕು ಎಲ್ಲವೂ ಗೊತ್ತಿತ್ತು. ಕಚೇರಿಯಲ್ಲಿ ಕೊಡುವ ಮನಸ್ಸೂ ಇತ್ತು. ಇಬ್ಬರ ನಡುವೆ ಇದ್ದವನು ನಾನು. ಕರೆಂಟು ದೂರದಿಂದ ತಂತಿಯಲ್ಲಿ ಬರುವಾಗ ಒಂದಷ್ಟು ಸೋರಿಹೋಗುತ್ತದೆ ಎಂದು ಸಿರುಗುಪ್ಪದ ಶಿಬಿರದಲ್ಲಿ ಇಂಜಿನಿಯರು ಹೇಳಿದ್ದರು. ಒಂದಷ್ಟು ತಾನೇ? ಹೊನ್ನೂರಮ್ಮನವರ ಮಾತು ನನ್ನ ಪೆನ್ನಿನಲ್ಲಿ ಹರಿದಾಗ ಪೂರ್ತಿ ಸೋರಿಹೋಗಿತ್ತು.

ಆಮೇಲೆ ಕಚೇರಿಯವರು ಕುರುಗೋಡಿಗೆ ಹೋಗಿ ಮಾಳಿಗೆ ಅಳೆದರಂತೆ, ಮಷಿನ್ ನೋಡಿದರಂತೆ, ರೊಟ್ಟಿಯನ್ನೂ ತಿಂದರಂತೆ. ನನ್ನನ್ನು ಯಾರೂ ಕರೆಯಲಿಲ್ಲ. ಕೆಲಸ ಸರಿಯಾಗಿ ನಡೆಯುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಮೊನ್ನೆ ಬೆಳಗ್ಗೆ ಹೊನ್ನೂರಮ್ಮ ವಾಟ್ಸ್ಆ್ಯಪ್‌ನಲ್ಲಿ ಒಂದು ಪತ್ರದ ಫೋಟೊ ಕಳಿಸಿದರು. ಹಿಂದೆಯೇ ಫೋನು.

“ಸಾರ್, ಕಚೇರಿಯಿಂದ ಲೆಟರ್ ಬಂದೈತಿ. ಎಲ್ಲಾರೂ ಓದಿದ್ವಿ, ಯಾರಿಗೂ ತಿಳೀವಲ್ದು. ಕೊಟ್ಟಾರೋ ಇಲ್ಲೋ, ಅಷ್ಟ ಹೇಳ್ರಿ.”

ಕನ್ನಡಕ ಹಾಕಿಕೊಂಡು ಓದಿದೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಸದರಿ ಘಟಕದ ಸ್ಥಳ ತನಿಖಾ ವರದಿಯನ್ನು ಅವಲೋಕಿಸಿ, ಈ ಕೆಳಕಂಡ ಷರತ್ತುಗಳಿಗೆ ಒಳಪಟ್ಟು...’ ವಾಕ್ಯ ಮುಗಿಯಲೇ ಇಲ್ಲ. ಷರತ್ತುಗಳು ಬಂದವು, ಉಪಷರತ್ತುಗಳು ಬಂದವು, ಮೊದಲ ಪುಟ ಮುಗಿಯಿತು. ಫೋನಿನ ಆ ಕಡೆ ಮಷಿನ್ ಸದ್ದಿಲ್ಲ. ಹನ್ನೆರಡು ಮಂದಿ ಕೆಲಸ ಬಿಟ್ಟು ಫೋನಿನ ಸುತ್ತ ನಿಂತಿದ್ದಾರೆಂದು ನನಗೆ ಇಲ್ಲಿಂದಲೇ ಗೊತ್ತಾಗುತ್ತಿತ್ತು.

“ಸಾರ್? ಅದೀರೇನ್ರಿ?”

“ಅದೀನಿ, ತಡೀರಿ, ಹುಡುಕಾಕತ್ತೀನಿ.”

ಎರಡನೆಯ ಪುಟದ ಅರ್ಧಕ್ಕೆ, ಎರಡು ಅಲ್ಪವಿರಾಮಗಳ ನಡುವೆ, ಆ ಪದ ಸಿಕ್ಕಿತು: ಮಂಜೂರು.

“ಕೊಟ್ಟಾರ್ರಿ ಅಕ್ಕಾರ! ಸೋಲಾರ್ ಕೊಟ್ಟಾರ!”

“ಬಂತಂತ್ರೇ!” ಎಂದು ಅವರು ಆ ಕಡೆ ಕೂಗಿದ್ದು, ಕೋಣೆಯೆಲ್ಲ ಎದ್ದದ್ದು ನನ್ನ ಕಿವಿಗೆ ಹೊಡೆಯಿತು. ಗದ್ದಲ ಸ್ವಲ್ಪ ತಗ್ಗಿದ ಮೇಲೆ ಹೊನ್ನೂರಮ್ಮ ಮತ್ತೆ ಫೋನಿಗೆ ಬಂದರು. ಧನ್ಯವಾದ ಹೇಳುತ್ತಾರೆಂದು ನಾನು ಗಂಟಲು ಸರಿಮಾಡಿಕೊಂಡೆ.

“ಅಲ್ರೀ ಸಾರ್, ‘ಹೂಂ’ ಅನ್ನಾಕ ಎರಡು ಪುಟ ಬೇಕೇನ್ರಿ?”