ಅಂಥಾ ಸೊಸಿ

ಕರೆವ್ವ ತೀರಿಕೊಂಡ ದಿನ ಅವಳ ಸೊಸೆ ಪುಷ್ಪಲತಾ ಅತ್ತ ಅಳು ಬ್ಯಾಡಗಿಯ ಆ ಓಣಿಯಲ್ಲಿ ಇವತ್ತಿಗೂ ಮಾತಿಗೆ ಬರುತ್ತದೆ. "ಹೆತ್ತ ಮಗಳೂ ಹಂಗ ಅಳಲಿಲ್ಲ ಬಿಡವ. ಅಂಥಾ ಸೊಸಿ ಸಿಗಾಕ ಪುಣ್ಯಾ ಬೇಕು" ಎಂದು ಎದುರು ಮನೆಯ ಉಚ್ಚಂಗೆವ್ವ ಹಿಟ್ಟಿನ ಗಿರಣಿಯಲ್ಲಿ ಹೇಳಿದ್ದಳು. ಗಿರಣಿಯಲ್ಲಿ ಆಡಿದ ಮಾತು ಹಿಟ್ಟಿನ ಜೊತೆಗೇ ಮನೆಮನೆಗೆ ಹೋಗುತ್ತದೆ. ಅದು ಕಿವಿಗೆ ಬಿದ್ದಾಗಲೆಲ್ಲ ಪುಷ್ಪಲತಾ ತಲೆ ತಗ್ಗಿಸುತ್ತಿದ್ದಳು. ಜನ ಅದನ್ನು ವಿನಯ ಎಂದುಕೊಂಡರು.

ಕರೆವ್ವ ಲಕ್ವಾ ಹೊಡೆದು ಆರು ವರ್ಷ ಹಾಸಿಗೆಯಲ್ಲಿದ್ದಳು. ಎಡಗೈ ಎಡಗಾಲು ಹೋಗಿದ್ದವು, ನಾಲಿಗೆಗೆ ಏನೂ ಆಗಿರಲಿಲ್ಲ. "ಪುಷ್ಪಾ, ನೀ ಮಾಡಿದ ಸಾರು ಕುಡದ್ರ ಉಳದ ಕಾಲೂ ಬೀಳ್ತೈತಿ ನೋಡು" ಎಂದು ಮಲಗಿದಲ್ಲಿಂದಲೇ ನಗಿಸುತ್ತಿದ್ದಳು. ಮುದುಕಿಯನ್ನು ಎಬ್ಬಿಸಿ ಕೂಡ್ರಿಸುವುದು, ಮೈ ಒರೆಸುವುದು, ಹುಣ್ಣಾಗದಂತೆ ಹೊರಳಿಸಿ ಬೆನ್ನಿಗೆ ಪೌಡರ್ ಹಾಕುವುದು, ರೊಟ್ಟಿ ನೆನೆಸಿ ತುತ್ತು ಮಾಡಿ ಉಣಿಸುವುದು, ಇವಕ್ಕೆಲ್ಲ ಸೇವೆ ಎಂಬ ಹೆಸರಾದರೂ ಇತ್ತು. ಮುದುಕಿ ಒದ್ದೆ ಮಾಡಿದ ಹಾಸಿಗೆಯ ದುಪ್ಪಡಿ ಒಗೆಯುವುದಕ್ಕೆ ಅದೂ ಇರಲಿಲ್ಲ. ನೀರು ಕುಡಿದ ದುಪ್ಪಡಿಯನ್ನು ಒಬ್ಬಳೇ ಹಿಂಡಿ ನೋಡಿದವರಿಗೆ ಗೊತ್ತು ಅದರ ಭಾರ. ಮಳೆಗಾಲದಲ್ಲಿ ಒಂದು ಒಣಗುವುದರೊಳಗೆ ಇನ್ನೊಂದು ತೊಯ್ದಿರುತ್ತಿತ್ತು. ಗಂಡ ಕೊಟ್ರೇಶನದು ಮೆಣಸಿನಕಾಯಿ ಪೇಟೆಯ ಹತ್ತಿರ ಗೋಣಿಚೀಲದ ಅಂಗಡಿ. ಹೊರಡುವಾಗ ಹೊಸ್ತಿಲಲ್ಲೇ ನಿಂತು "ಅವ್ವಾ, ಆರಾಮ ಅದೀಯಿಲ್ಲ?" ಎಂದು ಕೇಳುತ್ತಿದ್ದ. ತಾಯಿಯನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಾನೆ ಎಂದು ಪೇಟೆಯಲ್ಲಿ ಅವನಿಗೆ ಹೆಸರಿತ್ತು.

ಅವತ್ತು ಬೆಳಿಗ್ಗೆ ಪುಷ್ಪಲತಾ ವರ್ಷದ ಖಾರದ ಪುಡಿಗೆಂದು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು. ಬ್ಯಾಡಗಿ ಕಾಯಿ ಬಣ್ಣಕ್ಕೆ ಮಾತ್ರ. ನಾಲಿಗೆಗೆ ಹತ್ತಬೇಕೆಂದರೆ ಗುಂಟೂರು ಕಾಯಿ ಕೂಡಿಸಬೇಕು. ಬ್ಯಾಡಗಿಯದು ಮುಗಿದು ಗುಂಟೂರಿನದು ನಡೆದಿತ್ತು. ಅತ್ತೆಗೆ ಚಹಾ ಕೊಡುವ ಹೊತ್ತಾಯಿತೆಂದು ಎದ್ದು ಹೋಗಿ ನೋಡಿದರೆ ಕರೆವ್ವ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಏನೋ ಚೇಷ್ಟೆ ಮಾಡಲು ಹೊರಟವಳ ಹಾಗೆ. ಪುಷ್ಪಲತಾಗೆ ಮೊಟ್ಟಮೊದಲು ಹೊಳೆದದ್ದು ಒಂದೇ ಮಾತು: ಇವತ್ತು ದುಪ್ಪಡಿ ಒಗೆಯೂದಿಲ್ಲ.

ಯಾರೋ ಪಕ್ಕದಲ್ಲಿ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಆ ಮಾತು ಬಂತು. ಮೈ ಹಗುರಾಯಿತು. ಮರುಕ್ಷಣವೇ ನಾಚಿಕೆಯಿಂದ ಕಿವಿ ಕಾದವು.

ಹೆಣವನ್ನು ಗೋಡೆಗೆ ಆನಿಸಿ ಕೂಡ್ರಿಸಿದರು. ಓಣಿಯ ಹೆಂಗಸರು ಸುತ್ತ ಕೂತು, ಸತ್ತವಳ ಗುಣವನ್ನು ಹಾಡಿಕೊಂಡು ಅಳತೊಡಗಿದರು. ಆಮೇಲೆ ಒಬ್ಬೊಬ್ಬರೇ ದನಿ ತಗ್ಗಿಸಿದರು. ಇನ್ನು ಸೊಸೆಯ ಸರದಿ. ಎಲ್ಲರ ಕಣ್ಣೂ ಪುಷ್ಪಲತಾಳ ಕಣ್ಣಿನ ಮೇಲೆ. ಹೊರಗೆ ಶಾಮಿಯಾನದವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ ಕೊಟ್ರೇಶನ ಕಣ್ಣು ಒಣಗಿದೆಯೋ ತೊಯ್ದಿದೆಯೋ ಯಾರೂ ನೋಡಲಿಲ್ಲ. "ಅತ್ತುಬಿಡವ, ಎದಿಯಾಗ ಇಟ್ಕೋಬಾರದು" ಎಂದಳು ಉಚ್ಚಂಗೆವ್ವ. ಸಮಾಧಾನದ ಮಾತೇ, ಆದರೆ ಅದರಲ್ಲಿ ಒಂದು ಮುಳ್ಳಿತ್ತು. ಪುಷ್ಪಲತಾಗೆ ಒಂದು ಹನಿಯೂ ಬರಲಿಲ್ಲ. ಅವಳು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. ತೊಳೆಯದ ಬೆರಳುಗಳನ್ನು ಕಣ್ಣೊಳಗೆ ತಿಕ್ಕಿದಳು. ಗೊತ್ತಿದ್ದೇ ತಿಕ್ಕಿದಳು.

ಬೆಂಕಿ ಬಿದ್ದಂತಾಯಿತು. ಬಂದ ಚೀರಾಟಕ್ಕೆ ಹಾಡೂ ಕೂಡಿಕೊಂಡಿತು: "ಯಾರ ಬೆನ್ನ ತಿಕ್ಕಲೆವ್ವಾ, ಯಾರಿಗೆ ತುತ್ತ ಮಾಡಲೆವ್ವಾ..." ಕರೆವ್ವನ ಮಗಳು ಭರಮವ್ವ ಗಂಡನ ಊರು ಐರಣಿಯಿಂದ ಬಂದಿಳಿದಾಗ ಪುಷ್ಪಲತಾಳ ಕಣ್ಣು ಕೆಂಡವಾಗಿ ಬಾತುಹೋಗಿದ್ದವು. ಭರಮವ್ವ ಅವಳನ್ನು ಅಪ್ಪಿಕೊಂಡು, "ನನ್ನ ತಂಗೀ, ನಮ್ಮವ್ವಗ ನೀನ ಖರೇ ಮಗಳು" ಎಂದು ಅತ್ತಳು.

ಕೆಲವು ದಿನಗಳ ಮೇಲೆ ಶುರುವಾಯಿತು ಪುಷ್ಪಲತಾಳ ಎದೆ ಡವಗುಟ್ಟುವುದು. ಮಧ್ಯಾಹ್ನ, ಮೊದಲೆಲ್ಲ ಮುದುಕಿಯನ್ನು ಹೊರಳಿಸುತ್ತಿದ್ದ ಹೊತ್ತಿಗೆ, ರೊಟ್ಟಿ ಬಡಿಯುವ ಕೈ ನಡುಗಿ ಉಸಿರು ಸಿಗುತ್ತಿರಲಿಲ್ಲ. ಕೊಟ್ರೇಶ ರಾಣೇಬೆನ್ನೂರಿಗೆ ಕರೆದೊಯ್ದು ಇಸಿಜಿ ಮಾಡಿಸಿದ. ಎಲ್ಲಾ ನಾರ್ಮಲ್ ಎಂದರು ಡಾಕ್ಟರು. ಬೈಕಿನ ಮೇಲೆ ಬರುವಾಗ ಕೊಟ್ರೇಶ, "ಈಗರೆ ಆರಾಮ ಕುಂದ್ರೂ ಕಾಲ ಬಂದೈತಿ, ನಿನಗ್ಯಾಕ ಬೇಕು ಟೆನ್ಶನ್ನು?" ಎಂದ. ಅವಳಿಗೆ ಉತ್ತರ ಗೊತ್ತಿತ್ತು. ಅತ್ತೆ ಸತ್ತದ್ದಕ್ಕೆ ಹಗುರಾದವಳು, ಗುಂಟೂರು ಕಾಯಿಯಿಂದ ಕಣ್ಣೀರು ತರಿಸಿಕೊಂಡವಳು, ಅವಳಿಗೆ ಇದು ಆಗಲೇಬೇಕಾದ್ದು.

ಓಣಿಯ ಆಶಾ ಕಾರ್ಯಕರ್ತೆ ಅಕ್ಬರಬಿ ಒಮ್ಮೆ ಬಿಪಿ ನೋಡಲು ಬಂದವಳು ಅವಳ ನಡುಕ ಕಂಡಳು. ಪಟ್ಟಿ ಬಿಚ್ಚುತ್ತ ಹೇಳಿದಳು:

"ಹಾವೇರಿ ದೊಡ್ಡ ದವಾಖಾನ್ಯಾಗ ಮಂಗಳವಾರ ಒಬ್ರು ಕೌನ್ಸೆಲಿಂಗ್ ಬಾಯಾರು ಕುಂದರ್ತಾರ. ಮನಸಿಂದು ಮಾತಾಡಾಕಂತನ. ಹೋಗಿ ಬಾರವ."

"ನಾ ಏನ ಹುಚ್ಚಿ ಆಗೇನೇನ?"

"ಆಗಿಲ್ಲಂತನ ನಿನಗ ಹೇಳಾಕತ್ತೇನಿ. ಆಗಿದ್ರ ನಿನ್ನ ಗಂಡಗ ಹೇಳ್ತಿದ್ದೆ."

ಪುಷ್ಪಲತಾ ನಕ್ಕಳು, ಹೋಗಲಿಲ್ಲ. ಹೋಗುವ ಹಾಗೆ ಮಾಡಿದ್ದು ಭರಮವ್ವನ ಫೋನು. ಐರಣಿಯಲ್ಲಿ ಅವಳ ಅತ್ತೆಗೆ ಮೊಣಕಾಲಿನ ಆಪರೇಷನ್ ಇತ್ತು. "ನೀನರೆ ಈಗ ಖಾಲಿ ಅದಿ, ಪುಷ್ಪಾ. ಕೈ ಪಳಗೈತಿ. ಎರಡ ತಿಂಗಳ ಬಂದಿದ್ದು ಹೋಗು. ನನ್ನ ಗಂಡನೂ ಅದನ್ನ ಅಂದ, ಅಂಥಾ ಸೊಸಿ ಬಂದ್ರ ನಮಗ ಚಿಂತಿಲ್ಲ ಅಂತ." ಪುಷ್ಪಲತಾ ಬಾಯಿ ತೆರೆಯುವುದರೊಳಗೆ ಪಕ್ಕದಲ್ಲಿದ್ದ ಕೊಟ್ರೇಶ, "ಬರ್ತಾಳ ಬಿಡಕ್ಕ" ಎಂದುಬಿಟ್ಟ. ಪಕ್ಕದ ಮನೆಗೆ ನಿಚ್ಚಣಿಕೆ ಕೊಟ್ಟಷ್ಟೇ ಸರಾಗವಾಗಿ.

ಪುಷ್ಪಲತಾ ಮುಂದಿನ ಮಂಗಳವಾರ ಹಲ್ಲುನೋವೆಂದು ಹೇಳಿ ಹಾವೇರಿ ಬಸ್ಸು ಹತ್ತಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಇದ್ದದ್ದು ಒಳ್ಳೆಯದೇ ಆಯಿತು. ಗಂಡನ ಹತ್ತಿರ ಕೈಯೊಡ್ಡಿ ಇನ್ನೊಂದು ಸುಳ್ಳು ಹೇಳುವುದು ತಪ್ಪಿತು. ಉಚ್ಚಂಗೆವ್ವ ಬಾಗಿಲಿಗೆ ಬಂದು ಲವಂಗ ಕೊಟ್ಟಿದ್ದಳು. ಅದನ್ನು ದವಡೆಯಲ್ಲಿಟ್ಟುಕೊಂಡೇ ಹೋದಳು.

ಆಸ್ಪತ್ರೆಯಲ್ಲಿ ಆ ಕೋಣೆಯ ಬಾಗಿಲಿಗೆ 'ಮಾನಸಿಕ' ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಪುಷ್ಪಲತಾ ಸೆರಗು ಹಣೆಯವರೆಗೆ ಎಳೆದುಕೊಂಡು, ಪಕ್ಕದ ಹಲ್ಲಿನ ವಿಭಾಗದ ಬೆಂಚಿನ ಮೇಲೆ ಕೂತಳು. ಮಧ್ಯಾಹ್ನದವರೆಗೆ ಅಲ್ಲೇ ಕೂತು ಊರಿಗೆ ಮರಳಿದಳು. ಮರುವಾರ ಮತ್ತೆ ಹೋದಳು. ಅವತ್ತು ಹಲ್ಲಿನ ಬೆಂಚು ತುಂಬಿತ್ತು; ನಿಂತು ನಿಂತು, ಎಲ್ಲರಿಗೂ ಕಾಣುವ ಹಾಗೆ ನಿಲ್ಲುವುದಕ್ಕಿಂತ ಒಳಗೆ ಹೋಗುವುದೇ ಮೇಲು ಎನಿಸಿತು.

ಒಳಗಿದ್ದ ಮೃಣಾಲಿನಿ ಎಂಬ ಹೆಂಗಸು ಪುಷ್ಪಲತಾಳ ವಾರಿಗೆಯವಳೇ. "ಕೂಡ್ರಿ. ಏನಾಗ್ತದ ನಿಮಗ?" ಎಂದಳು.

"ಹಲ್ಲು ನೋಯ್ತಾವ್ರಿ."

"ಹಲ್ಲಿನವರು ಬಾಜೂಕ ಇದ್ದಾರ. ಹೋದ ವಾರ ಅಲ್ಲೇ ಕೂತಿದ್ರಿ. ಅವರು ಕರದ್ರೂ ಒಳಗ ಹೋಗಲಿಲ್ಲ."

ಪುಷ್ಪಲತಾಗೆ ನೆಲ ಬಿರಿಯಬಾರದೇ ಎನಿಸಿತು. ಮೃಣಾಲಿನಿ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕೂತಳು. ಕೊನೆಗೆ ಪುಷ್ಪಲತಾ ಮೇಜಿನ ಕಾಲು ನೋಡುತ್ತ, "ನಮ್ಮತ್ತಿ ಸತ್ತಾಗ ನನಗ ಹಗುರ ಆತ್ರಿ" ಎಂದಳು. ಆಮೇಲೆ ದುಪ್ಪಡಿಯದನ್ನು ಹೇಳಿದಳು, ಕಣ್ಣು ತಿಕ್ಕಿಕೊಂಡದ್ದನ್ನು ಹೇಳಿದಳು. ಹೇಳಿ ಮುಗಿಸಿ, ಬೈಗುಳಕ್ಕೆ ಕಾದವಳಂತೆ ಭುಜ ಕುಗ್ಗಿಸಿಕೊಂಡಳು.

"ರಾತ್ರಿ ಅವರು ಕರದಾಗ ಯಾರು ಏಳ್ತಿದ್ರು?"

"ನಾನ ರೀ."

"ನಿಮಗ ಜ್ವರ ಬಂದಾಗ?"

"ಆವಾಗೂ ನಾನ. ಮತ್ಯಾರ ಏಳ್ತಾರ?"

ಮೃಣಾಲಿನಿ ಕೇಳಿದಳು: "ಅತ್ತಿಯವರು ನೆನಪಾಗ್ತಾರ?"

ಪುಷ್ಪಲತಾಗೆ ಸಾರಿನ ಮಾತು ನೆನಪಾಯಿತು. ಹೇಳಹೋದಳು, ಅರ್ಧಕ್ಕೇ ದನಿ ಒಡೆಯಿತು. ಇಷ್ಟು ತಿಂಗಳು ಸಾರು ಕುದಿಸಿದ್ದಳು, ಬೈಯಲು ಒಬ್ಬರೂ ಇರಲಿಲ್ಲ. ಅಳುತ್ತಲೇ, "ಇದರೆ ಖರೇ ಅಳು ಐತೋ ಇಲ್ಲೋ, ನನಗ ತಿಳೀವಲ್ದ್ರಿ" ಎಂದಳು.

"ನಾ ಏನು ಪರೀಕ್ಷಾ ತಗೊಳ್ಳಾಕ ಕೂತಿಲ್ಲ. ಅಳ್ರಿ. ಕೆಲಸ ತಪ್ಪಿದ್ದಕ್ಕ ಹಗುರ ಆಗಿರಬೇಕು, ಮನಶ್ಯಾ ಹೋಗಿದ್ದಕ್ಕ ದುಃಖ. ಎರಡೂ ಒಂದ ದಿವಸ ಬಂದಾವ."

ಐರಣಿಯ ಮಾತೂ ಬಂತು. "ಹೋಗಾಕ ನಿಮಗ ಮನಸ್ಸದ ಏನು?" ಎಂದು ಮೃಣಾಲಿನಿ ಕೇಳಿದಾಗ ಪುಷ್ಪಲತಾ ತಬ್ಬಿಬ್ಬಾದಳು. ಆ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. "ಇಲ್ರಿ" ಎಂದಳು. ಅಂದವಳೇ ಬಾಗಿಲ ಕಡೆ ತಿರುಗಿ ನೋಡಿದಳು, ಯಾರಾದರೂ ಕೇಳಿಸಿಕೊಂಡರೇನೋ ಎಂದು.

ಭಾನುವಾರ ಭರಮವ್ವ ತಾನೇ ಕರೆದೊಯ್ಯಲು ಬಂದಳು. ಕೊಟ್ರೇಶ ಮನೆಯಲ್ಲೇ ಇದ್ದ. ಪುಷ್ಪಲತಾ ಚಹಾ ಕೊಟ್ಟಳು, ತಾನು ಕೂಡ್ರಲಿಲ್ಲ. ಗೋಡೆ ಹಿಡಿದು ನಿಂತು, "ಅಕ್ಕಾರ, ನನಗ ಬರಾಕ ಆಗೂದಿಲ್ಲ" ಎಂದಳು.

"ಯಾಕ? ಆರಾಮಿಲ್ಲೇನು?"

"ಇಲ್ಲ. ಹಾವೇರಿ ದವಾಖಾನಿಗೆ ಹೋಗಾಕತ್ತೇನಿ. ಹಲ್ಲಿಗಲ್ಲ. ಮನಸಿಂದು."

ಕೊಟ್ರೇಶ ತಲೆಯೆತ್ತಿದ. "ಯಾವಾಗ ಹೋದಿ? ಮಂದಿಗೆ ಗೊತ್ತಾದ್ರ ಏನಂತಾರ, ಹುಚ್ಚರ ಡಾಕ್ಟರ ಕಡೆ ನನ್ನ ಹೇಂತಿ..."

"ನೀ ಸುಮ್ನಿರು" ಎಂದಳು ಭರಮವ್ವ. ಪುಷ್ಪಲತಾಳ ಕಡೆ ತಿರುಗಿದಳು. "ನಮ್ಮವ್ವ ಹೋದ ದುಃಖಕ್ಕ ಹಿಂಗಾತೇನವ?"

ಹೂಂ ಎಂದರೆ ಮುಗಿದುಹೋಗುತ್ತಿತ್ತು. ಹೆಸರೂ ಉಳಿಯುತ್ತಿತ್ತು, ಐರಣಿಯೂ ತಪ್ಪುತ್ತಿತ್ತು. ಪುಷ್ಪಲತಾಗೆ ಆ ದಾರಿ ಎದುರಿಗೇ ಕಂಡಿತು. "ಬರೇ ದುಃಖಕ್ಕಲ್ರಿ" ಎಂದಳು. "ಅವತ್ತ ನನಗ ಅಳು ಬರಲಿಲ್ಲ. ಮೆಣಸಿನಕಾಯಿ ಕೈ ಕಣ್ಣಿಗೆ ತಿಕ್ಕೊಂಡೆ. ಅತ್ತಿ ಸತ್ತಾಗ ನನಗ ಮೊದಲ ಹಗುರ ಆತು. ನೀವು ತಿಳದಂಥಾ ಸೊಸಿ ನಾ ಅಲ್ಲ."

ಭರಮವ್ವನ ಮುಖ ಕಪ್ಪಿಟ್ಟಿತು. ಬಸಿಯಲ್ಲಿದ್ದ ಚಹಾ ಹಾಗೇ ನೆಲಕ್ಕಿಟ್ಟಳು. "ನಮ್ಮವ್ವ ಅಷ್ಟು ಭಾರ ಆಗಿದ್ಲೇನು ನಿನಗ?"

"ಆಗಿದ್ರು. ಬೇಕಾಗೂ ಇದ್ರು."

"ಮತ್ತ ನಾ ಏನ ಮಾಡಲಿ? ಅಲ್ಲಿ ನಾನೊಬ್ಬಾಕೆ ಅದೇನಿ!"

"ನಿಮ್ಮನಿಯಾಗ ಮೂರು ಮಂದಿ ಗಂಡಸರು ಅದಾರಲ್ರಿ."

"ಗಂಡಸರು!" ಭರಮವ್ವ ಒಣನಗೆ ನಕ್ಕಳು. "ಗಂಡಸರು ಬಂದು ಹೇಲುಚ್ಚಿ ಬಳೀತಾರೇನು?" ಎಂದು ತಮ್ಮನ ಮುಖ ನೋಡಿದಳು. ಕೊಟ್ರೇಶ ಫೋನು ತೆಗೆದ.

ಭರಮವ್ವ ಚೀಲ ಎತ್ತಿಕೊಂಡಳು. ಬಸ್‌ಸ್ಟ್ಯಾಂಡಿಗೆ ಒಬ್ಬಳೇ ಹೊರಟವಳ ಹಿಂದೆ ಪುಷ್ಪಲತಾಳೂ ನಡೆದಳು. ಬೇಡ ಎಂದು ಭರಮವ್ವನೂ ಅನ್ನಲಿಲ್ಲ. ಪುಷ್ಪಲತಾಳ ಕಿವಿ ಸುಡುತ್ತಿದ್ದವು. ತಾನು ಇಳಿಸಿದ ಹೊರೆ ನಡೆದುಹೋಗಿ ಯಾವ ಗಂಡಸಿನ ತಲೆಯನ್ನೂ ಏರುವುದಿಲ್ಲ, ಈ ಮುಂದೆ ಹೋಗುತ್ತಿರುವವಳ ತಲೆಗೇ ಬೀಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಬರುತ್ತೇನೆ ಎಂಬ ಮಾತನ್ನು ಬಾಯಿಗೆ ತರಲಿಲ್ಲ.

ಐರಣಿ ದಾರಿಯ ರಾಣೇಬೆನ್ನೂರು ಬಸ್ಸು ನಿಂತಿತ್ತು. ಭರಮವ್ವ ಹತ್ತಿ ಕಿಟಕಿಯ ಪಕ್ಕ ಕೂತಳು. ಮುಖ ಆ ಕಡೆಗಿಟ್ಟುಕೊಂಡೇ ಕೇಳಿದಳು:

"ಆ ಹಾವೇರಿ ಬಾಯಾರು... ಇಂಥಾವೆಲ್ಲಾ ಹೇಳಿದ್ರ ಬೈಯೂದಿಲ್ಲೇನು?"

"ಇಲ್ರಿ."

"ನಾಚಿಕಿ ಬರಲಿಲ್ಲೇನು ನಿನಗ, ಹೇಳಾಕ?"

"ಬಂತ್ರಿ ಅಕ್ಕಾರ. ಈಗೂ ಬರಾಕತ್ತೈತಿ."

ಕಂಡಕ್ಟರ್ ಸೀಟಿ ಊದಿದ. ಭರಮವ್ವ ಕಿಟಕಿಯ ಸರಳಿನ ಮೇಲೆ ಕೈಯಿಟ್ಟು, ಮಂಗಳವಾರ ಎಷ್ಟು ಗಂಟೆಗೆ ಎಂದು ಕೇಳಿದಳು.